ಕಾವು: ಒಂದು ಪದವಿಚಾರ

ಯಲಹಂಕ ಸೀಮೆಯ ಬೇಸಾಯಗಾರರ ಮಾತಿನಲ್ಲಿ ಗುದ್ದಲಿ, ಕೊಡಲಿಗಳ ಮರದ ಹಿಡಿಗೆ ‘ಕಾವು’ ಎಂಬ ಹೆಸರುಂಟು. ಕೈಯನ್ನು ಕಾಯುವುದರಿಂದ ಅದು ಕಾವಾಯಿತೆಂದು ಬಗೆಯುವುದು ಸುಲಭ. ಸೋದರ ಭಾಷೆಗಳ ಸಾಕ್ಷ್ಯ ಬೇರೆಯಾಗಿದೆ. ಬರೊ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿಕೋಶವು (1961, ಪರಿಷ್ಕೃತ ಮುದ್ರಣ 1984) ಈ ಪದವನ್ನು ತಮಿಳಿನ ‘ಕಾಂಪು’, ತೆಲುಗಿನ ‘ಕಾಮ’ಗಳೊಡನೆ ಸೇರಿಸುತ್ತದೆ. ಅವುಗಳಿಗೆ ಹಿಡಿಯೆಂಬಂತೆಯೇ ದಂಟು ಎಂಬ ಅರ್ಥವೂ ಉಂಟು. ಕನ್ನಡದಲ್ಲಿಯೂ ‘ಕಾಮು’ ಎಂಬ ಜೋಡಿರೂಪವಿದ್ದು, ಮಕಾರವೇ ಇಲ್ಲಿ ವಕಾರವಾಗಿದೆ. ‘ಕಾಯ್’ ಧಾತುವಿನಿಂದ ಹುಟ್ಟಿದ, ಬಿಸಿ ಎಂಬರ್ಥದ ‘ಕಾವು’ ಬೇರೆಯೇ ಪದ.

‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ಗಾದೆಯ ತಿರುಳು ಈ ಮೂಲಾರ್ಥದಲ್ಲಿದೆ: ಮರವನ್ನು ಕಡಿಯುವ ಕೊಡಲಿಗೆ ಬಲ ಕೊಡುವುದು ಮರದ್ದೇ ಕೊಂಬೆ. ‘ಹಿಡಿಕೆ’ ಕೈಯ ಕೆಲಸವನ್ನಷ್ಟೇ ಹೇಳುತ್ತದೆ. ‘ಕಾವು’ ಮರದ ನಂಟನ್ನೂ ಉಳಿಸಿಕೊಂಡಿದೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟರೆ ಗಾದೆಯ ಪ್ರಾಸದೊಡನೆ ಈ ನಂಟೂ ಅಳಿಯುತ್ತದೆ.