ಜೋಳದ ರೊಟ್ಟಿಗೆ ಗೋಧಿ ಯಾಕೆ?

ಜೋಳದ ಹಿಟ್ಟಿಗೆ ಒಂದು ಹಿಡಿ ಗೋಧಿಹಿಟ್ಟು ಬೆರೆಸಿದರೆ ರೊಟ್ಟಿ ಹರಿಯುವುದಿಲ್ಲ ಎಂಬ ಸಲಹೆ ಅಡುಗೆ ಬರಹಗಳಲ್ಲೂ ವಿಡಿಯೊಗಳಲ್ಲೂ ಧಾರಾಳವಾಗಿ ಸಿಗುತ್ತದೆ. ನಾನಿದನ್ನು ಒಪ್ಪುವುದಿಲ್ಲ. ರೊಟ್ಟಿ ಹರಿದರೆ ಮೊದಲು ನೋಡಬೇಕಾದದ್ದು ಹಿಟ್ಟು ಎಷ್ಟು ಹಳೆಯದು, ನೀರು ಎಷ್ಟು ಬಿಸಿಯಿತ್ತು ಎಂಬುದನ್ನು. ಹಿಟ್ಟನ್ನು ಹಿಡಿದಿಡುವ ಗೋಧಿಯ ಅಂಟು, ಅಂದರೆ ಗ್ಲುಟನ್, ಜೋಳದಲ್ಲಿಲ್ಲ. ತಣ್ಣೀರು ಹಾಕಿ ಎಷ್ಟು ನಾದಿದರೂ ಹಿಟ್ಟು ಕೂಡಿಕೊಳ್ಳುವುದಿಲ್ಲ. ಅದಕ್ಕೇ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಎಸರಿಟ್ಟು, ಕುದಿಯುವ ನೀರನ್ನೇ ಹಿಟ್ಟಿಗೆ ಸುರಿಯುತ್ತಾರೆ. ಆ ಬಿಸಿಗೆ ಜೋಳದ ಪಿಷ್ಟ ನೀರುಂಡು ಉಬ್ಬಿ ಅಂಟಾಗುತ್ತದೆ. ಆ ಜಿಗಿ ಬಂದ ಹಿಟ್ಟನ್ನು ಅಂಗೈಯಿಂದ ಚೆನ್ನಾಗಿ ನಾದಿ, ತಿರುಗಿಸುತ್ತ ಬಡಿದರೆ ಅಂಚು ಸೀಳದೆ ತೆಳ್ಳಗೆ ಹರಡುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ನೀರು ಸವರುವುದಕ್ಕೂ ಕಾರಣವಿದೆ: ಒಣಹಿಟ್ಟು ತೊಳೆದುಹೋಗುತ್ತದೆ, ಮೇಲ್ಪದರ ಬೇಗ ಒಣಗಿ ಬಿರಿಯುವುದಿಲ್ಲ, ಒಳಗಿನ ಹಬೆ ರೊಟ್ಟಿಯನ್ನು ಉಬ್ಬಿಸುತ್ತದೆ.

ಕಾಳಿನ ಗುಣವೂ ಅಷ್ಟೇ ಮುಖ್ಯ. ವಿಜಯಪುರ, ಕಲಬುರಗಿ ಕಡೆಯ ಎರೆಭೂಮಿಯಲ್ಲಿ ಹಿಂಗಾರಿಗೆ ಬೆಳೆಯುವ ಮಾಲದಂಡಿ, ಅಂದರೆ ಎಂ 35-1, ರೊಟ್ಟಿಗೆ ಹೆಸರುವಾಸಿ. ಮಳೆ ನಿಂತ ಮೇಲೆ ಮಣ್ಣಿನ ತೇವದಲ್ಲೇ ಬಲಿಯುವುದರಿಂದ ಕಾಳು ಬೆಳ್ಳಗೆ, ಹೊಳಪಾಗಿ ಬರುತ್ತದೆ. ಮುಂಗಾರಿ ಜೋಳಕ್ಕೆ ಕೊಯ್ಲಿನ ಹೊತ್ತಿನ ಮಳೆಯಿಂದ ಬೂಷ್ಟು ಹಿಡಿಯುವ ಕಾಟವಿದೆ. ಜೋಳದ ಮೊಳಕೆಭಾಗದಲ್ಲಿ ಎಣ್ಣೆಯಂಶವಿರುವುದರಿಂದ ಬೀಸಿಟ್ಟ ಹಿಟ್ಟು ಬೇಗ ಕಹಿಯಾಗುತ್ತದೆ, ಜಿಗಿಯನ್ನೂ ಕಳೆದುಕೊಳ್ಳುತ್ತದೆ. ಆಗಾಗ ಗಿರಣಿಗೆ ಹೋಗಿ ಸ್ವಲ್ಪ ಸ್ವಲ್ಪವೇ ಬೀಸಿಸಿ ತರುವ ರೂಢಿ ಬಲು ವಿವೇಕದ್ದು.

ಬಡಿಯಲು ಬಾರದವರು ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ದಿನಕ್ಕೆ ಹತ್ತಾರು ರೊಟ್ಟಿ ಬಡಿಯುವ ಕೈಗಳ ನೋವನ್ನು ಮರೆತು ಸಂಪ್ರದಾಯ ಹೊಗಳುವುದು ತಪ್ಪು. ಲಟ್ಟಿಸಿ, ಯಂತ್ರದಲ್ಲಾದರೂ ಒತ್ತಿ. ಎಸರು ಸರಿಯಾಗಿದ್ದರೆ ಜೋಳ ಅದಕ್ಕೂ ಒಗ್ಗುತ್ತದೆ. ಗೋಧಿ ಬೆರೆತರೆ ಮಾತ್ರ ರೊಟ್ಟಿ ನಾರಾಗುತ್ತದೆ, ಎಣ್ಣೆಗಾಯಿಯ ಜೊತೆ ತಿನ್ನುವಾಗ ಸಿಗಬೇಕಾದ ಜೋಳದ ತೆಳು ಸಿಹಿ ಮಂಕಾಗುತ್ತದೆ. ರುಚಿ ಅವರವರ ಇಷ್ಟ ಎಂದರೂ ಒಂದು ಮಾತು ಉಳಿಯುತ್ತದೆ: ಗ್ಲುಟನ್ ಒಗ್ಗದ ಸೀಲಿಯಾಕ್ ಕಾಯಿಲೆಯವರು ಜೋಳವನ್ನು ನಂಬಿ ಈ ರೊಟ್ಟಿ ತಿನ್ನುತ್ತಾರೆ. ಅವರಿಗೆ ಆ ಒಂದು ಹಿಡಿಯೂ ಅಪಾಯ. ಬೆರಕೆ ಮಾಡುವ ಖಾನಾವಳಿಗಳು ಅದನ್ನು ಫಲಕದಲ್ಲಿ ಬರೆಯಲಿ. ತಿನ್ನುವವರು ಕೇಳಿ ತಿಳಿದುಕೊಳ್ಳಲಿ.