ಅರಮನೆ ಉಳಿಸಿದ ಬೀಸುಕಲ್ಲು

ಮೈಸೂರಿಗೆ ಹೋದ ನಮ್ಮ ಜತ್ತ ಕಡೆಯ ಮಂದಿ ದೊಡ್ಡ ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ ಮುಗಿಸಿ, ಸಂಜೆಗೆ ಬೃಂದಾವನದ ಕಾರಂಜಿ ನೋಡಿ ವಾಪಸಾಗುತ್ತಾರೆ. ಕುಕ್ಕರಹಳ್ಳಿ ಕೆರೆಯ ಆಚೆ, ಮಾನಸಗಂಗೋತ್ರಿಯ ದಿಬ್ಬದ ಮೇಲಿರುವ ಜಯಲಕ್ಷ್ಮೀ ವಿಲಾಸಕ್ಕೆ ಕಾಲಿಟ್ಟವರು ಕಡಿಮೆ. ವಸ್ತುಸಂಗ್ರಹಾಲಯ ಸುತ್ತುವುದೇ ನನ್ನ ಹವ್ಯಾಸ. ಕರ್ನಾಟಕದಲ್ಲಿ ಒಂದೇ ಒಂದನ್ನು ನೋಡಿ ಬರಬೇಕು, ಯಾವುದು ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ.

ಮನೆಯ ಕಥೆ ಮೊದಲು. ಹತ್ತನೆಯ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿ. 1897ರಲ್ಲಿ ಆಕೆ ಕೈಹಿಡಿದದ್ದು ತಾಯಿಯ ತಮ್ಮ ಎಂ. ಕಾಂತರಾಜ ಅರಸರನ್ನು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮ ಸೀಮೆಯವರಿಗೂ ಹೊಸದೇನಲ್ಲ. ವಿಶ್ವೇಶ್ವರಯ್ಯನವರ ನಂತರ ಮೈಸೂರಿನ ದಿವಾನರಾದವರು ಇದೇ ಕಾಂತರಾಜ ಅರಸರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1905ರಲ್ಲಿ, ಅಕ್ಕನಿಗಾಗಿ ಈ ಸೌಧ ಎದ್ದಿತು. 125 ಕೋಣೆ, 300 ಕಿಟಕಿ, 287 ಕೆತ್ತನೆಯ ಬಾಗಿಲು ಎಂದು ಲೆಕ್ಕ ಹೇಳುತ್ತಾರೆ. ಜೋಡಿ ಜೋಡಿಯಾಗಿ ನಿಂತ ಕಂಬಗಳದ್ದು ಯುರೋಪಿನ ಕಟ್ಟಡಗಳ ಮಾದರಿ. ಪಶ್ಚಿಮದ ಮುಖಮಂಟಪದ ಹಣೆಯ ಮೇಲೆ ಮಾತ್ರ ಕೂತಿರುವವಳು ನಮ್ಮ ಗಜಲಕ್ಷ್ಮಿ. ಒಳಗೆ ಕಲ್ಯಾಣ ಮಂಟಪ, ನೃತ್ಯಶಾಲೆ, ಖಾಸ ಬಂಗಲೆ. ಪರದೇಶದ ಮಾದರಿಯನ್ನು ಹೀಗೆ ತನ್ನದಾಗಿಸಿಕೊಂಡ ಕಟ್ಟಡ ನನಗೆ ಕಲಬೆರಕೆ ಅನಿಸುವುದಿಲ್ಲ. ಕಟ್ಟಿದವರಿಗೆ ತಮ್ಮ ರುಚಿಯ ಮೇಲೆ ಇದ್ದ ಭರವಸೆ ಅದರಲ್ಲಿ ಕಾಣುತ್ತದೆ.

ರಾಜ್ಯಗಳು ಹೋದವು. ನಮ್ಮ ಡಫಳೆ ಮನೆತನದ ಜತ್ತ ಸಂಸ್ಥಾನವೂ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಆಳುವ ಮಂದಿ ಹೋದಮೇಲೆ ಇಂಥ ಮನೆಗಳ ಪಾಡು ಏನಾಗುತ್ತದೆಂದು ನಾವೆಲ್ಲ ಬಲ್ಲೆವು. ಬಾಗಿಲು, ಕಂಬ, ತೊಲೆಗಳು ಒಂದೊಂದಾಗಿ ಹಳೇ ಸಾಮಾನಿನ ವ್ಯಾಪಾರಿಯ ಗಾಡಿ ಹತ್ತುತ್ತವೆ. ಜಯಲಕ್ಷ್ಮೀ ವಿಲಾಸಕ್ಕೆ ಆ ಗತಿ ಬರಲಿಲ್ಲ. ಕುವೆಂಪು ಕುಲಪತಿಗಳಾಗಿದ್ದಾಗ, 1959ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಅದನ್ನು ಕೊಂಡಿತು. ಆದರೆ ಕೊಂಡ ಮಾತ್ರಕ್ಕೆ ಕಟ್ಟಡ ಉಳಿಯುವುದಿಲ್ಲ. ಅದಕ್ಕೆ ತಕ್ಕ ಕೆಲಸ ಬೇಕು. ಆ ಕೆಲಸ ಸಿಕ್ಕಿದ್ದು 1960ರ ದಶಕದ ಕೊನೆಗೆ, ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ನೆಲೆಗೊಂಡಾಗ.

ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಈ ಕೆಲಸಕ್ಕೆ ಹೆಗಲು ಕೊಟ್ಟ ಮೂವರು. ನನ್ನ ಮನಸ್ಸು ಹೆಚ್ಚು ವಾಲುವುದು ತಿಪ್ಪೇಸ್ವಾಮಿಯವರ ಕಡೆಗೆ. ಹಿರಿಯೂರು ತಾಲೂಕಿನ ಹರ್ತಿಕೋಟೆಯಿಂದ ಬಂದ ಅವರು ನಿಸರ್ಗಚಿತ್ರ ಬರೆಯುವ ಜಲವರ್ಣದ ಕಲಾವಿದರು. ಒನಕೆಯನ್ನು ಎಲ್ಲಿ ಒರಗಿಸಿದರೆ ಅದು ಒನಕೆಯಾಗಿ ಕಾಣುತ್ತದೆ, ಎಲ್ಲಿಟ್ಟರೆ ಬರೀ ಕಟ್ಟಿಗೆಯಾಗುತ್ತದೆ ಎಂಬುದು ಚಿತ್ರಕಾರನ ಕಣ್ಣಿಗೆ ಬೇಗ ಗೊತ್ತಾಗುತ್ತದೆ. ಊರೂರು ತಿರುಗಿ ಕೂಡಿಸಿದ್ದು ಇಂದು 6,500ಕ್ಕೂ ಮೀರಿದ ವಸ್ತುಗಳು: ನೇಗಿಲು, ಕೊಳಗ, ಸೇರು, ಬೀಸುಕಲ್ಲು, ಯಕ್ಷಗಾನದ ವೇಷಭೂಷಣ, ಸೂತ್ರದ ಗೊಂಬೆ, ಹಬ್ಬದಲ್ಲಿ ಕುಣಿಯುವ ದೊಡ್ಡ ಗೊಂಬೆ. ಕುವೆಂಪು, ಕಾರಂತ, ಗೊರೂರು, ಪುತಿನ ಇವರ ಬಳಕೆಯ ವಸ್ತುಗಳಿಗೂ ಅಲ್ಲೇ ಒಂದು ವಿಭಾಗ.

ತೊಗಲು ಗೊಂಬೆಯ ಮುಂದೆ ಹೋದವರು ತುಸು ನಿಲ್ಲಬೇಕು. ಚರ್ಮವನ್ನು ಕೂದಲು ಹೋಗುವಂತೆ ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿಸಿ, ಬಣ್ಣ ಕಟ್ಟಿರುತ್ತಾರೆ. ಕಿರೀಟ, ಕಂಠೀಹಾರ, ಸೀರೆಯ ಅಂಚು ಎಲ್ಲವೂ ಉಳಿಯಿಂದ ಹೊಡೆದ ಸಣ್ಣ ಸಣ್ಣ ತೂತುಗಳೇ. ಎದುರಿನಿಂದ ಬೆಳಕು ಬಿದ್ದರೆ ಅದು ಮಾಸಿದ ತೊಗಲು. ಹಿಂದಿನಿಂದ ದೀಪ ಹಿಡಿದರೆ ಒಡವೆಯೆಲ್ಲ ಹೊಳೆಯತೊಡಗುತ್ತದೆ. ಹಾಗಾಗಿ ಇವನ್ನು ಗೋಡೆಗೆ ಒತ್ತಿ ತೂಗುಹಾಕಿದರೆ ಅರ್ಧ ಕಲೆ ಅಲ್ಲೇ ಸತ್ತಂತೆ. ಎಲ್ಲ ಸಂಗ್ರಹಾಲಯಗಳೂ ಹಿಂದಿನ ಬೆಳಕಿಗೆ ಏರ್ಪಾಟು ಮಾಡಬೇಕೆಂಬುದು ನನ್ನ ಹಳೆಯ ಹಟ. ಇನ್ನು ಸೋಮನ ಮುಖವಾಡದ ಕೆಂಪು. ಉಬ್ಬಿದ ಕಣ್ಣು, ಬಿಗಿದ ತುಟಿಯ ಆ ಮುಖವನ್ನು ತಲೆಯ ಮೇಲೆ ಹೊತ್ತು ಗ್ರಾಮದೇವತೆಯ ಮುಂದೆ ಕುಣಿಯುತ್ತಾರೆ. ಪಕ್ಕದ ಕೋಣೆಯ ಕೆತ್ತನೆ ಬಾಗಿಲಿಗೆ ಈ ಮುಖ ಒಂದಿಷ್ಟೂ ಸೋಲುವುದಿಲ್ಲ.

ರಾಜಕುಮಾರಿಯ ಮನೆಯಲ್ಲಿ ರೈತನ ಕೂರಿಗೆ ಇಟ್ಟರು, ಎಂಥ ಔದಾರ್ಯ ಎಂದು ಕೆಲವರು ಹೊಗಳುತ್ತಾರೆ. ನನಗೆ ಅದು ತಲೆಕೆಳಗಾದ ಮಾತು ಅನಿಸುತ್ತದೆ. ಕೂರಿಗೆ, ಬೀಸುಕಲ್ಲುಗಳು ಅಲ್ಲಿ ಬಂದು ಕೂತದ್ದರಿಂದಲೇ ಆ ಮನೆಗೆ ಜನ ಬಂದರು, ಸೂರು ಸೋರಿದಾಗ ಕೇಳುವವರು ಹುಟ್ಟಿದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ಹಣದಿಂದ ಕಟ್ಟಡ ಜೀರ್ಣೋದ್ಧಾರ ಕಂಡಿತು. ಮತ್ತೆ ಮಳೆ ನೀರು ಒಳಗಿಳಿಯಿತು. ಈಚೆಗೆ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿ ಪಶ್ಚಿಮ ಭಾಗದ ದುರಸ್ತಿಗೆ ನೆರವು ಕೊಟ್ಟಿದೆ. ದಾನಿಗಳಿಗೆ ನಮಸ್ಕಾರ. ಆದರೆ ನೂರು ವರ್ಷ ದಾಟಿದ ಗಾರೆ, ಮರ ದಾನಿ ಬರುವ ತನಕ ಕಾಯುವುದಿಲ್ಲ. ಮಾಳಿಗೆಯ ಮೇಲಿನ ಕಸ ತೆಗೆದು, ನೀರು ಹರಿಯುವ ದೋಣಿ ಬಿಡಿಸಿ, ಬಿರುಕಿಗೆ ಗಾರೆ ತುಂಬುವ ಕೆಲಸ ಪ್ರತಿ ವರ್ಷ ಮಳೆಗಾಲದ ಮುಂಚೆ ಆಗಬೇಕು. ತೇವ ತಾಗಿದ ತೊಗಲು ಮುರುಟಿಕೊಂಡರೆ ಅದನ್ನು ಮೊದಲಿನಂತೆ ಮಾಡುವುದು ಕಷ್ಟ. ಈ ಖರ್ಚು ವಿಶ್ವವಿದ್ಯಾಲಯದ ವಾರ್ಷಿಕ ಆಯವ್ಯಯದಲ್ಲೇ ಇರಬೇಕಾದದ್ದು; ಪ್ರಾಧ್ಯಾಪಕರ ಸಂಬಳದಷ್ಟೇ ಖಾತ್ರಿಯಾಗಿ.

ವಿಜಯಪುರಕ್ಕೆ ಹೋಗಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ನಮಗೆ ಮೈಸೂರು ಒಂದೇ ಗಾಡಿಯ ದಾರಿ. ದುರಸ್ತಿಯ ದಿನಗಳಾದ್ದರಿಂದ ಬಾಗಿಲು ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೊರಡಿ. ಅಲ್ಲಿರುವ ಬಹಳಷ್ಟು ವಸ್ತು ರಾಗಿಯ ಸೀಮೆಯವು. ನಮ್ಮ ಜೋಳದ ಸೀಮೆಯ ರಂಟೆ, ಕುಂಟೆ, ಮಾಡಗ್ಯಾಳ ಕುರಿ ಕಾಯುವವರ ಕಂಬಳಿ, ಡೊಳ್ಳು, ಹಗೇವಿನಿಂದ ಕಾಳು ತೆಗೆಯುತ್ತಿದ್ದ ಬುಟ್ಟಿ ಇವೆಲ್ಲ ಇನ್ನೂ ಉಮದಿ, ಸಂಖ, ಗುಡ್ಡಾಪುರದ ಅಟ್ಟಗಳಲ್ಲೇ ಬಿದ್ದಿವೆ. ನಮ್ಮ ಕಾಲೇಜುಗಳೆಲ್ಲ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದವು. ಅವುಗಳಲ್ಲಿ ಒಂದಾದರೂ ಒಂದು ಕೋಣೆ ಬಿಟ್ಟುಕೊಟ್ಟರೆ ಈ ಕೆಲಸ ಜತ್ತದಲ್ಲೇ ಶುರುವಾದೀತು. ಅಲ್ಲಿಯವರೆಗೆ ಓದುಗರಲ್ಲಿ ಒಂದು ಬೇಡಿಕೆ: ಅಟ್ಟದ ಕೂರಿಗೆಯನ್ನು ಗುಜರಿಗೆ ಹಾಕುವ ಮುಂಚೆ ಮನೆಯ ಹಿರಿಯರನ್ನು ಕೂರಿಸಿಕೊಂಡು, ಅದನ್ನು ಮಾಡಿದ ಬಡಿಗೇರ ಯಾರು, ಯಾವ ಮರ, ಯಾವ ಹೊಲದಲ್ಲಿ ಯಾವ ಪೀಕು ಬಿತ್ತಿದ್ದು ಎಂಬುದನ್ನು ಕೇಳಿ ಬರೆದು, ಆ ಚೀಟಿಯನ್ನು ಅದಕ್ಕೇ ಕಟ್ಟಿಡಿ.