ಕರಕರ ಎಲ್ಲಿ ನಿಲ್ಲುತ್ತದೆ, ಕೇಳಿ

ಅಮೆರಿಕದ ಹಿಪ್‌ಹಾಪ್ ಹಾಡೊಂದರಲ್ಲಿ ನಮ್ಮ ಕಡೆಯ ಹಳೇ ಹಾಡಿನ ತುಣುಕು ಬಂದರೆ ಸಾಕು, ‘ಅರೆ, ಇದು ಲತಾ ಹಾಡಿದ್ದಲ್ಲವಾ!’ ಎಂದು ಕೂಗಿ ಅಲ್ಲಿಗೇ ಕೇಳುವುದನ್ನು ನಿಲ್ಲಿಸಿಬಿಡುತ್ತಾರೆ ಜನ. 2002ರಲ್ಲಿ ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ ‘ಅಡಿಕ್ಟಿವ್’ ಬಂದಾಗಿನಿಂದ ಈ ಕೂಗು ನನ್ನ ಬೆನ್ನು ಬಿಟ್ಟಿಲ್ಲ. ಅದರಲ್ಲಿ ಬಪ್ಪಿ ಲಾಹಿರಿ ಸಂಗೀತದ ‘ಜ್ಯೋತಿ’ ಚಿತ್ರದ ಹಾಡಿದೆ, ನಿಜ. ಆ ಬಳಕೆಯ ಜಗಳ ಕೋರ್ಟಿಗೂ ಹೋಯಿತು. ಮೂಲ ಹಾಡು ಯಾವುದೆಂದು ಪತ್ತೆಹಚ್ಚಲು ಈಗ ಫೋನೇ ಸಾಕು, ಅದಕ್ಕೆ ರಸಿಕತೆ ಬೇಕಿಲ್ಲ. ಹೀಗೆ ಹಳೇ ತುಣುಕುಗಳಿಂದ ಹೊಸ ಹಾಡು ಕಟ್ಟುವ ಸ್ಯಾಂಪ್ಲಿಂಗ್ ಸಂಗೀತವನ್ನು ಸವಿಯಬೇಕೆಂದಿದ್ದರೆ ಇದನ್ನು ಕೇಳಿಕೊಳ್ಳಿ: ಆ ತುಣುಕು ರೆಕಾರ್ಡಿನಿಂದ ಬಂದದ್ದೋ, ಡಿಜಿಟಲ್ ಫೈಲಿನಿಂದಲೋ? ಬಂದ ದಾರಿಯ ಗುರುತು ಅದರ ಮೈಮೇಲೆ ಎಲ್ಲಿದೆ?

ಮೊದಲ ಗುರುತು ಕರಕರ ಸದ್ದು. ಇದೊಂದು ಕಿವಿಗೆ ಹಿಡಿದರೆ ಅರ್ಧ ವಿದ್ಯೆ ಕೈಗೆ ಬಂದಂತೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ರೆಕಾರ್ಡಿನ ಗೆರೆಗಳಲ್ಲಿ ಕೂತ ಧೂಳು, ಬಿದ್ದ ಗೀರು ಮುಳ್ಳಿಗೆ ತಾಗಿ ಎಬ್ಬಿಸುವ ಸದ್ದೆಲ್ಲ ಸಂಗೀತದ ಜೊತೆಯಲ್ಲೇ ತುಣುಕು ಹಿಡಿದಿಡುವ ಯಂತ್ರವಾದ ಸ್ಯಾಂಪ್ಲರ್ ಒಳಗೆ ಹೋಗುತ್ತದೆ. ಎರಡು ಬಾರ್‌ನ ತುಣುಕನ್ನು ಸುತ್ತಿ ಸುತ್ತಿ ನುಡಿಸಿದಾಗ ಅದರೊಳಗಿನ ಒಂದು ‘ಟಿಕ್’ ಪ್ರತಿ ಸುತ್ತಿನಲ್ಲೂ ಅದೇ ಜಾಗಕ್ಕೆ ಬೀಳುತ್ತದೆ. ಮೂರನೇ ಸುತ್ತಿನ ಹೊತ್ತಿಗೆ ಅದು ತಾಳದ ಪೆಟ್ಟೇ ಆಗಿಬಿಟ್ಟಿರುತ್ತದೆ. ತುಣುಕನ್ನು ನಿಧಾನಗೊಳಿಸಿದರೆ ‘ಟಿಕ್’ ದಪ್ಪಗಾಗಿ ‘ಟೊಕ್’ ಎನ್ನುತ್ತದೆ. ತುಣುಕನ್ನು ಕತ್ತರಿಸಿದ ಕಡೆ ಕರಕರವೂ ಫಕ್ಕನೆ ನಿಲ್ಲುತ್ತದೆ. ಆಗ ಒಂದು ಗಳಿಗೆ ಡ್ರಮ್ ಮಾತ್ರ ಉಳಿದು ಹಿಂದೆಲ್ಲ ಖಾಲಿ. ಮುಂದಿನ ತುಣುಕು ಬರುವಾಗ, ಸ್ವರಕ್ಕಿಂತ ಕೂದಲೆಳೆಯಷ್ಟು ಮುಂಚೆ, ಕರಕರ ಮತ್ತೆ ಒಳಗೆ ಕಾಲಿಡುತ್ತದೆ. ಆ ಕೂದಲೆಳೆಯಲ್ಲೇ ಕೈಚಳಕ ಇರುವುದು. ಅದನ್ನು ಉಳಿಸಿಕೊಳ್ಳಬೇಕೋ ಕತ್ತರಿಸಬೇಕೋ ಎಂದು ಒಬ್ಬ ಮನುಷ್ಯ ಕೂತು ಯೋಚಿಸಿರುತ್ತಾನೆ.

ಈಗ ‘ಓದುವಾಗ ಕೇಳಲು’ ಎಂದು ಇಡೀ ರಾತ್ರಿ ಹರಿಯುವ ಲೋ-ಫೈ ಪಟ್ಟಿಯೊಂದನ್ನು ಹಾಕಿ. ಅಲ್ಲೂ ಕರಕರ ಉಂಟು, ಮೊದಲಿಂದ ಕೊನೆಯವರೆಗೆ ಒಂದೇ ಸಮ. ಪಿಯಾನೋ ನಿಂತರೂ ಅದು ನಿಲ್ಲದು, ಶ್ರುತಿ ಇಳಿದರೂ ಅದು ಇಳಿಯದು. ತೊಳೆದಿಟ್ಟಂಥ ಕೀಬೋರ್ಡಿನ ಮೇಲೆ ಸಾಫ್ಟ್‌ವೇರ್ ಸುರಿದ ಸದ್ದು ಅದು, ಪ್ಲಾಸ್ಟಿಕ್ ಮಲ್ಲಿಗೆಗೆ ಸೆಂಟು ಹೊಡೆದ ಹಾಗೆ. ಇದನ್ನೇ ‘ವಿನೈಲ್ ಫೀಲ್’ ಎಂದು ಮೆಚ್ಚುವವರು ದಯವಿಟ್ಟು ಮೊದಲು ಆ ಪಟ್ಟಿ ನಿಲ್ಲಿಸಲಿ.

ನನ್ನ ಕಿವಿ ತೆರೆದದ್ದು ಜಯನಗರದ ಗೆಳೆಯನೊಬ್ಬನ ಕೋಣೆಯಲ್ಲಿ. ಅವನು ಒಂದೇ ಸೋಲ್ ಹಾಡಿನ ಒಂದೇ ಬಾರನ್ನು ಎಲ್‌ಪಿಯಿಂದ ಸ್ಯಾಂಪ್ಲರಿನ ಒಂದು ಪ್ಯಾಡಿಗೆ, ಸಿಡಿಯಿಂದ ಪಕ್ಕದ ಪ್ಯಾಡಿಗೆ ತುಂಬಿದ. ಅದೇ ಡ್ರಮ್ ಓಡುತ್ತಿದ್ದಂತೆ ಎರಡನ್ನೂ ಬೆರಳಿನಿಂದ ಒಂದಾದ ಮೇಲೊಂದು ಒತ್ತುತ್ತ ಹೋದ. ಸಿಡಿಯ ತುಣುಕು ಡ್ರಮ್ಮಿನ ಮೇಲೆ ತೇಲುತ್ತಿತ್ತು. ಎಲ್‌ಪಿಯದು ಡ್ರಮ್ಮಿನ ಒಳಗೆ ಹೋಗಿ ಕೂತಿತ್ತು. ಇದರಲ್ಲಿ ಮಂತ್ರವೇನಿಲ್ಲ. ರೆಕಾರ್ಡ್ ಕೊರೆಯುವಾಗ ಮಂದ್ರವನ್ನು ಎಡಬಲಕ್ಕೆ ಹರಡದೆ ನಡುವಿಗೆ ತರಬೇಕು, ಇಲ್ಲದಿದ್ದರೆ ಮುಳ್ಳು ಗೆರೆ ಬಿಟ್ಟು ಜಿಗಿಯುತ್ತದೆ. ಅತಿ ಚೂಪಾದ ತಾರದ ಸದ್ದನ್ನೂ ತುಸು ಮಟ್ಟಹಾಕಬೇಕು. ಹಾಗೆ ಮೊದಲೇ ಪಳಗಿ ಬಂದ ಸದ್ದು ಹೊಸ ಡ್ರಮ್ಮಿಗೆ ಸುಲಭವಾಗಿ ಜಾಗ ಬಿಡುತ್ತದೆ. ಎಷ್ಟೋ ಹಳೇ ಹಾಡುಗಳ ಡಿಜಿಟಲ್ ಮರುಮುದ್ರಣಗಳನ್ನು ಜೋರು ಕೇಳಲೆಂದು ಒತ್ತಿ ಚಪ್ಪಟೆ ಮಾಡಿದ್ದಾರೆ. ಅವುಗಳ ಮಧ್ಯೆ ಏನನ್ನೂ ತೂರಿಸಲಾಗದು.

ಯಂತ್ರದ ಮಾತೂ ಇದೆ. ಇ-ಮು ಕಂಪನಿಯ ಎಸ್‌ಪಿ-1200 ಸ್ಯಾಂಪ್ಲರ್ ಬಂದದ್ದು 1987ರಲ್ಲಿ. 12 ಬಿಟ್, 26.04 ಕಿಲೋಹರ್ಟ್ಸ್, ಒಟ್ಟು ಹತ್ತು ಸೆಕೆಂಡಿನಷ್ಟೇ ಜಾಗ. ನ್ಯೂಯಾರ್ಕಿನ ಹುಡುಗರು ನಿಮಿಷಕ್ಕೆ 33 ಸುತ್ತಿನ ಎಲ್‌ಪಿಯನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಸಿಕೊಂಡು, ಆಮೇಲೆ ಯಂತ್ರದಲ್ಲಿ ನಿಧಾನಗೊಳಿಸಿದರು. ಹತ್ತು ಸೆಕೆಂಡಿನಲ್ಲಿ ಹದಿಮೂರೂವರೆ ಸೆಕೆಂಡಿನ ಸಂಗೀತ ಹಿಡಿಸಿತು. ಜೊತೆಗೆ ತಾರದ ಹೊಳಪು ಹೋಗಿ ಮರಳಿನಂಥ ಒರಟು ಬಂತು. ಆ ಒರಟೇ ಒಂದು ಕಾಲದ ನ್ಯೂಯಾರ್ಕ್ ಹಿಪ್‌ಹಾಪಿನ ದನಿಯಾಯಿತು. ಟರ್ನ್‌ಟೇಬಲ್ಲಿನ ವೇಗ ಬದಲಿಸುವ ಒಂದು ಗುಂಡಿ ಇಲ್ಲದಿದ್ದರೆ ಈ ಉಪಾಯ ಯಾರಿಗೆ ಹೊಳೆಯುತ್ತಿತ್ತು? ಹಿಪ್‌ಹಾಪ್ ನಿರ್ಮಾಪಕ ಪೀಟ್ ರಾಕ್ 1992ರಲ್ಲಿ ‘ದೇ ರೆಮಿನಿಸ್ ಓವರ್ ಯೂ’ ಹಾಡಿಗೆ ಟಾಮ್ ಸ್ಕಾಟ್‌ನ ಸ್ಯಾಕ್ಸೊಫೋನ್ ತಂದದ್ದೂ ಹಳೇ ರೆಕಾರ್ಡಿನಿಂದ. ಅದನ್ನು ಕೇಳಿ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ.

ಡಿಜಿಟಲ್ ಮೂಲಕ್ಕೂ ಅದರದೇ ಹಕ್ಕಿದೆ. ಒಂಟಿ ವೀಣೆಯ ಮೀಟು ಕೊನೆಯವರೆಗೆ ಕರಗುವುದು ಬೇಕಿದ್ದರೆ ಶುಭ್ರವಾದ ಫೈಲೇ ಮೇಲು. ದನಿ ಬೇರೆ, ಡ್ರಮ್ ಬೇರೆ ಮಾಡಿಕೊಡುವ ಸಾಫ್ಟ್‌ವೇರೂ ಬಂದಿದೆ. ಅನುಕೂಲವೇನೋ ಹೌದು, ಆದರೆ ಬೇಡದ್ದನ್ನೂ ಜೊತೆಗಿಟ್ಟುಕೊಂಡು ಸಂಭಾಳಿಸುವ ಜಾಣತನಕ್ಕೆ ಅಲ್ಲಿ ಕೆಲಸವಿಲ್ಲ.

ಕೇಳಲು ಶುರುಮಾಡುವವರು ಜೆ ಡಿಲ್ಲಾನ ‘ಡೋನಟ್ಸ್’ (2006) ಆಲ್ಬಮ್ಮಿನ ‘ಡೋಂಟ್ ಕ್ರೈ’ ಎತ್ತಿಕೊಳ್ಳಿ. ಅವನು ಮೊದಲು ಎಸ್ಕಾರ್ಟ್ಸ್ ಗುಂಪಿನ ಮೂಲ ಹಾಡನ್ನು ಸುಮ್ಮನೆ ಓಡಲು ಬಿಟ್ಟು, ಆಮೇಲೆ ಅದನ್ನೇ ಚೂರುಚೂರು ಮಾಡಿ ಮರುಜೋಡಿಸುತ್ತಾನೆ. ಪಾಠ ಹೇಳಿಕೊಟ್ಟ ಹಾಗೇ ಇದೆ. ಫೋನಿನ ಸ್ಪೀಕರ್ ಮಾತ್ರ ಬೇಡ. ನಂತರ ಬ್ರಿಸ್ಟಲ್‌ನ ಪೋರ್ಟಿಸ್‌ಹೆಡ್ ತಂಡದ ‘ಡಮ್ಮಿ’ (1994). ಇವರು ತಾವೇ ಸ್ಟುಡಿಯೋದಲ್ಲಿ ನುಡಿಸಿದ ಸಂಗೀತವನ್ನು ರೆಕಾರ್ಡಿಗೆ ಒತ್ತಿಸಿ, ಆ ರೆಕಾರ್ಡನ್ನು ಬೇಕೆಂದೇ ಸವೆಸಿ, ಅದರಿಂದ ಮತ್ತೆ ಸ್ಯಾಂಪಲ್ ತೆಗೆದರು. ತಮ್ಮದೇ ಹೊಸ ಟೇಪು ಕೈಯಲ್ಲಿದ್ದೂ ಈ ಸುತ್ತುದಾರಿ ಹಿಡಿದರು. ಆ ಆಲ್ಬಮ್ಮಿನಲ್ಲಿ ತುಣುಕುಗಳು ಮುಗಿಯುವ ಜಾಗಗಳನ್ನು ಮೊದಲು ಕೇಳಿ. ಗಾಯಕಿ ಬೆತ್ ಗಿಬ್ಬನ್ಸ್ ದನಿಗೆ ಆಮೇಲೆ ಬನ್ನಿ.